ಹಳೇ ಕಾರಿನ ಮೈಲೇಜ್ ಬಿದ್ದಿದ್ಯಾ? ಪಾರ್ಟ್ಸ್ ಬದಲಾಯಿಸೋಕೆ ಮುಂಚೆ ಈ ಕ್ರಮದಲ್ಲಿ ಚೆಕ್ ಮಾಡಿ

ಹಳೇ ಕಾರಿನ ಮೈಲೇಜ್ ಇಳೀತು ಅಂತ ಬಾಯಿ ಬಿಟ್ರೆ ಸಾಕು, ಒಬ್ರು ಪ್ಲಗ್ ಹಾಕ್ಸಿ ಅಂತಾರೆ, ಇನ್ನೊಬ್ರು ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಕ್ಲೀನ್ ಮಾಡ್ಸಿ ಅಂತಾರೆ, ಮತ್ತೊಬ್ರು ಹೊಗೆಯಲ್ಲಿ ಆಮ್ಲಜನಕ ಅಳೆಯೋ ಆಕ್ಸಿಜನ್ ಸೆನ್ಸರ್ ಹೋಗಿರುತ್ತೆ ತೆಗೆದು ಬಿಸಾಕಿ ಅಂತಾರೆ, ಎಲ್ಲಾ ಹಾಕ್ಸಿದ್ಮೇಲೂ ಮೈಲೇಜ್ ಇದ್ದಲ್ಲೇ ಇರುತ್ತೆ, ದುಡ್ಡು ಮಾತ್ರ ಹೋಗಿರುತ್ತೆ. ಕತ್ತಲಲ್ಲಿ ಕಲ್ಲು ಹೊಡೆದಂಗೆ ಪಾರ್ಟ್ಸ್ ಬದಲಾಯಿಸೋ ಬದಲು ಮೊದಲು ಒಂದೇ ಒಂದು ವಿಷಯ ತೀರ್ಮಾನ ಮಾಡ್ಕೊಳ್ಳಿ. ಪೆಟ್ರೋಲ್ ಲೀಕ್ ಒಂದನ್ನ ಬಿಟ್ರೆ ಮೈಲೇಜ್ ಬೀಳೋಕೆ ಇರೋದು ಮೂರೇ ದಾರಿ. ಒಂದು, ನಿಜವಾಗಿ ಬಿದ್ದೇ ಇಲ್ಲ, ಲೆಕ್ಕ ತಪ್ಪಿದೆ ಅಥವಾ ಓಡಿಸೋ ಪರಿಸ್ಥಿತಿ ಬದಲಾಗಿದೆ. ಎರಡು, ಎಂಜಿನ್ ಸರಿಯಾಗೇ ಇದೆ, ಆದ್ರೆ ಏನೋ ಒಂದು ಕಾರನ್ನ ಹಿಂದಕ್ಕೆ ಹಿಡೀತಿದೆ. ಮೂರು, ಕಾರ್ ಆರಾಮಾಗಿ ಉರುಳುತ್ತೆ, ಎಂಜಿನ್ನೇ ಜಾಸ್ತಿ ಕುಡೀತಿದೆ. ಈ ಮೂರರಲ್ಲಿ ಯಾವುದು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ಅದಕ್ಕೆ ಬೇಕಾದ ಟೆಸ್ಟ್‌ಗಳಲ್ಲಿ ಬಹಳಷ್ಟು ಮನೆ ಮುಂದೇನೇ ಆಗುತ್ತೆ, ಖರ್ಚೂ ಇಲ್ಲ.

ಮೊದಲು ಅಳತೆ ಸರಿ ಮಾಡ್ಕೊಳ್ಳಿ

ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸೋ ಆವರೇಜ್ ನಂಬ್ಕೊಂಡು ತೀರ್ಮಾನಕ್ಕೆ ಬರಬೇಡಿ, ಅದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನೋದರ ಮೇಲೆ ಹಾಕಿದ ಅಂದಾಜು, ಇಂಜೆಕ್ಟರ್ ಲೀಕ್ ಆಗ್ತಿದ್ರೆ ಅದಕ್ಕೆ ಗೊತ್ತೇ ಆಗಲ್ಲ. ಫುಲ್ ಟ್ಯಾಂಕ್ ಟು ಫುಲ್ ಟ್ಯಾಂಕ್ ಲೆಕ್ಕಾನೇ ಸರಿ. ನಾಝಲ್ ತಾನಾಗೇ ಕಟ್ ಆಗೋವರೆಗೂ ಹಾಕ್ಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಟ್ಯಾಂಕ್ ಮುಕ್ಕಾಲು ಖಾಲಿ ಆಗೋವರೆಗೂ ಓಡ್ಸಿ, ಅದೇ ಬಂಕ್‌ನಲ್ಲಿ ಆದಷ್ಟು ಅದೇ ಪಂಪ್‌ನಲ್ಲಿ ಮತ್ತೆ ಕಟ್ ಆಗೋವರೆಗೂ ಹಾಕ್ಸಿ. 412 ಕಿಲೋಮೀಟರ್ ಓಡಿ 31.6 ಲೀಟರ್ ಹಿಡೀತು ಅಂದ್ರೆ ಲೀಟರಿಗೆ 13 ಕಿಲೋಮೀಟರ್. ಅರ್ಧ ಟ್ಯಾಂಕ್‌ಗೇ ಲೆಕ್ಕ ಹಾಕೋರು ತುಂಬಾ ಜನ ಇದಾರೆ, ಆದ್ರೆ ಕಟ್ ಆಗೋ ಜಾಗದಲ್ಲಿ ಒಂದು ಲೀಟರ್ ಹೆಚ್ಚುಕಮ್ಮಿ ಆದ್ರೂ 10 ಲೀಟರ್ ಫಿಲ್‌ನಲ್ಲಿ ಅದು 10 ಪರ್ಸೆಂಟ್ ತಪ್ಪು, 35 ಲೀಟರ್ ಫಿಲ್‌ನಲ್ಲಿ 3 ಪರ್ಸೆಂಟ್‌ಗಿಂತ ಕಮ್ಮಿ. ಹಿಂಗೆ ಮೂರು ಟ್ಯಾಂಕ್ ಬರೆದಿಟ್ಕೊಂಡು ಸರಾಸರಿ ತಗೊಂಡ್ರೆ ಮಾತ್ರ ಆ ನಂಬರ್‌ಗೆ ಬೆಲೆ.

ಕಟ್ ಆದ್ಮೇಲೆ ರೌಂಡ್ ಫಿಗರ್‌ಗೆ ಅಂತ ಇನ್ನೂ ಒಂದೆರಡು ಸಲ ಒತ್ತಿಸೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಟ್ಯಾಂಕ್‌ನ ಆವಿ ಹಿಡಿದಿಡೋ ಚಾರ್ಕೋಲ್ ಕ್ಯಾನಿಸ್ಟರ್ ಒಳಗೆ ಪೆಟ್ರೋಲೇ ನುಗ್ಗಿದ್ರೆ ಅದು ಹಾಳಾಗುತ್ತೆ, ಆಮೇಲೆ ಎಂಜಿನ್‌ಗೆ ಬೇಡದ ಟೈಮಲ್ಲಿ ಪೆಟ್ರೋಲ್ ಆವಿ ಹೋಗಿ ಇನ್ನೊಂದು ತಲೆನೋವು.

ಓಡೋಮೀಟರ್ ಕೂಡ ಸುಳ್ಳು ಹೇಳಬಹುದು. ಹೊಸ ಟೈರ್ ಹಾಕ್ಸಿದ್ಮೇಲೆ ಮೈಲೇಜ್ ಬಿತ್ತು ಅನ್ನೋರು ಇದನ್ನ ಓದ್ಲೇಬೇಕು. ಸವೆದ ಟೈರ್ ಸುತ್ತಳತೆ ಕಮ್ಮಿ, ಹಂಗಾಗಿ ಅದೇ ದೂರಕ್ಕೆ ಜಾಸ್ತಿ ಸುತ್ತು ತಿರುಗುತ್ತೆ, ಓಡೋಮೀಟರ್ ನಿಜಕ್ಕಿಂತ ಜಾಸ್ತಿ ಕಿಲೋಮೀಟರ್ ತೋರಿಸುತ್ತೆ. 8 ಮಿಲಿಮೀಟರ್ ಇದ್ದ ಟ್ರೆಡ್ (ಟೈರ್ ಮೇಲಿನ ಗೀರುಗಳ ಆಳ) 2 ಮಿಲಿಮೀಟರ್‌ಗೆ ಬಂತು ಅಂದ್ರೆ ಟೈರಿನ ವ್ಯಾಸ 12 ಮಿಲಿಮೀಟರ್ ಇಳಿದಿರುತ್ತೆ, 600 ಮಿಲಿಮೀಟರ್ ಟೈರಿಗೆ ಅದು 2 ಪರ್ಸೆಂಟ್. ಹೊಸ ಟೈರ್ ಬಂದ ದಿನ ಆ 2 ಪರ್ಸೆಂಟ್ ಮಾಯ, ಅದರ ಜೊತೆಗೆ ಹೊಸ ರಬ್ಬರ್‌ನ ಉರುಳೋ ಪ್ರತಿರೋಧ ಬೇರೆ ಸ್ವಲ್ಪ ಜಾಸ್ತಿ. ಟೈರ್ ಸೈಜೇ ಬದಲಾಯ್ಸಿದ್ರೆ ವ್ಯತ್ಯಾಸ ಇನ್ನೂ ದೊಡ್ಡದು. ಫೋನಿನ ಜಿಪಿಎಸ್ ಆನ್ ಮಾಡ್ಕೊಂಡು ಒಂದು ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡ್ಸಿ ಓಡೋಮೀಟರ್ ಜೊತೆ ತಾಳೆ ನೋಡಿ, ಅಷ್ಟು ಸಾಕು.

ಕಾರಿನದ್ದೇ ಅಲ್ಲದ ಕಾರಣಗಳು

ಇದನ್ನ ಬೇಗ ಮುಗ್ಸೋಣ. ಮುಂಚೆ ದಿನಾ 25 ಕಿಲೋಮೀಟರ್ ಓಡ್ತಿದ್ದ ಕಾರು ಈಗ 3 ಕಿಲೋಮೀಟರ್ ಹೋಗಿ ನಿಂತು ತಣ್ಣಗಾಗಿ ಮತ್ತೆ 3 ಕಿಲೋಮೀಟರ್ ವಾಪಸ್ ಬರ್ತಿದ್ರೆ ಮೈಲೇಜ್ ಬೀಳಲೇಬೇಕು, ತಣ್ಣನೆ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು, ಆಯಿಲ್ ಗಟ್ಟಿ ಇರುತ್ತೆ. ಚಳಿಗಾಲದಲ್ಲೂ ಇದೇ ಕಥೆ. ಏಸಿ ಜಾಸ್ತಿ ಹಾಕೋ ಬೇಸಿಗೆಯಲ್ಲೂ ಇಳಿಯುತ್ತೆ. ಸಿಗ್ನಲ್‌ನಲ್ಲಿ ಆನ್ ಇಟ್ಕೊಂಡು ನಿಂತ ಟೈಮಿಗೆ ಕಿಲೋಮೀಟರ್ ಸೊನ್ನೆ, ಪೆಟ್ರೋಲ್ ಮಾತ್ರ ಖರ್ಚು.

ಮೇಲೆ ಕ್ಯಾರಿಯರ್ ಇದ್ರೆ ಬಿಚ್ಚಿಡಿ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, 60ರಲ್ಲಿ ಇದ್ದಿದ್ದು 120ರಲ್ಲಿ ನಾಲ್ಕು ಪಟ್ಟು, ಹಂಗಾಗಿ ಊರೊಳಗೆ ಗೊತ್ತಾಗದ ಕ್ಯಾರಿಯರ್ ಹೈವೇಲಿ ಚೆನ್ನಾಗೇ ತಿನ್ನುತ್ತೆ. ಡಿಕ್ಕಿಯಲ್ಲಿ ವರ್ಷದಿಂದ ಬಿದ್ದಿರೋ ಸಾಮಾನೂ ಇಳಿಸಿ, ಆದ್ರೆ ಅದರಿಂದ ಪವಾಡ ಆಗುತ್ತೆ ಅಂತ ಕಾಯ್ಬೇಡಿ, 45 ಕೆಜಿಗೆ ಸುಮಾರು 1 ಪರ್ಸೆಂಟ್ ಅಷ್ಟೇ.

ಇನ್ನು ಪೆಟ್ರೋಲ್. ಎಥನಾಲ್‌ನಲ್ಲಿ ಲೀಟರಿಗೆ ಸಿಗೋ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ. 10 ಪರ್ಸೆಂಟ್ ಬೆರೆಸಿದ್ರೆ ಒಟ್ಟು ಶಕ್ತಿ ಸುಮಾರು 3 ಪರ್ಸೆಂಟ್ ಇಳಿಯುತ್ತೆ, 20 ಪರ್ಸೆಂಟ್ ಬೆರೆಸಿದ್ರೆ 6ರಿಂದ 7. ನಿಮ್ಮ ಕಾರಿನ ಮೈಲೇಜ್ ಬಿದ್ದಿದ್ದೂ ಬಂಕ್‌ನಲ್ಲಿ ಎಥನಾಲ್ ಪಾಲು ಏರಿದ್ದೂ ಒಂದೇ ಸಮಯಕ್ಕೆ ಆಗಿದ್ರೆ ಅಷ್ಟನ್ನ ಲೆಕ್ಕದಲ್ಲಿ ಕಳೆದುಬಿಡಿ, ಅದಕ್ಕೆ ಗ್ಯಾರೇಜ್‌ನಲ್ಲಿ ಔಷಧ ಇಲ್ಲ. ಬಿದ್ದಿರೋದು 20 ಪರ್ಸೆಂಟ್ ಆದ್ರೆ ಮಾತ್ರ ಎಥನಾಲ್ ಒಂದನ್ನೇ ಬೈದು ಸುಮ್ನಾಗೋ ಹಂಗಿಲ್ಲ.

ಲೀಕ್ ಇದ್ಯಾ ನೋಡಿ, ಇದು ಕಾಯೋ ಕೆಲಸ ಅಲ್ಲ

ಪೆಟ್ರೋಲ್ ವಾಸನೆ ಬರ್ತಿದ್ರೆ ಉಳಿದಿದ್ದೆಲ್ಲಾ ಆಮೇಲೆ. ರಾತ್ರಿ ನಿಲ್ಸಿದ ಜಾಗದಲ್ಲಿ ಬೆಳಗ್ಗೆ ನೆಲ ನೋಡಿ, ಟ್ಯಾಂಕ್‌ನಿಂದ ಎಂಜಿನ್‌ವರೆಗೂ ಹೋಗೋ ಪೈಪ್ ನೋಡಿ, ಫಿಲ್ಟರ್ ಜಾಯಿಂಟ್, ರಬ್ಬರ್ ಹೋಸ್ ಕ್ಲಿಪ್, ಟ್ಯಾಂಕ್ ಮೇಲಿನ ಪಂಪ್ ಸೀಲ್. ಹಳೇ ಕಾರುಗಳಲ್ಲಿ ರಬ್ಬರ್ ಹೋಸ್ ಬಿರುಕು ಬಿಟ್ಟಿರೋದು ಮಾಮೂಲು, ಪ್ರೆಶರ್ ಬಂದಾಗ ಮಾತ್ರ ಸೋರುತ್ತೆ, ಆಫ್ ಮಾಡಿದ್ರೆ ಒಣಗಿ ಹೋಗುತ್ತೆ, ಅದಕ್ಕೇ ಸ್ಟಾರ್ಟ್ ಮಾಡ್ಸಿ ಟಾರ್ಚ್ ಹಾಕಿ ನೋಡ್ಬೇಕು. ಒದ್ದೆ ಕಂಡ್ರೆ ಎಂಜಿನ್ ಆಫ್ ಮಾಡಿ, ಸರಿ ಆಗೋವರೆಗೂ ಓಡಿಸ್ಬೇಡಿ.

ಕಾರ್ ಉರುಳುತ್ತಾ ಇಲ್ವಾ, ಅಸಲಿ ಪರೀಕ್ಷೆ ಇದು

ಎರಡನೇ ದಾರೀನಾ ಮೂರನೇ ದಾರೀನಾ ಅಂತ ಬೇರ್ಪಡಿಸೋ ಟೆಸ್ಟ್ ಇದು, ಎಲ್ಲದಕ್ಕಿಂತ ಉಪಯೋಗದ್ದು, ಆದ್ರೂ ಯಾಕೋ ಯಾರೂ ಮಾಡಲ್ಲ. ಮ್ಯಾನುಯಲ್ ಗೇರ್ ಕಾರಾದ್ರೆ ಹಿಂದೆ ಮುಂದೆ ಗಾಡಿ ಇಲ್ಲದ ಸಮತಟ್ಟು ರಸ್ತೇಲಿ 50ರ ವೇಗಕ್ಕೆ ತಂದು ನ್ಯೂಟ್ರಲ್‌ಗೆ ಹಾಕಿ, 20ಕ್ಕೆ ಇಳಿಯೋಕೆ ಎಷ್ಟು ಸೆಕೆಂಡ್ ಆಯ್ತು ಅಂತ ಪಕ್ಕದಲ್ಲಿ ಕೂತೋರ ಕೈಲಿ ನೋಡ್ಸಿ. ಎಂಜಿನ್ ಆನ್‌ನಲ್ಲೇ ಇರಲಿ, ಆಫ್ ಮಾಡಿದ್ರೆ ಬ್ರೇಕ್ ಬೂಸ್ಟರ್, ಪವರ್ ಸ್ಟೀರಿಂಗ್ ಎರಡೂ ಹೋಗುತ್ತೆ, ಅದು ಅಪಾಯ. ಅದೇ ರಸ್ತೇಲಿ ವಾಪಸ್ ಬರ್ತಾ ಎದುರು ದಿಕ್ಕಿನಲ್ಲೂ ಮಾಡಿ ಸರಾಸರಿ ತಗೊಳ್ಳಿ, ಕಣ್ಣಿಗೆ ಕಾಣದ ಇಳಿಜಾರು ಮತ್ತೆ ಗಾಳಿಯ ಪರಿಣಾಮ ಲೆಕ್ಕದಲ್ಲಿ ವಜಾ ಆಗುತ್ತೆ. ಅದೇ ಮಾಡೆಲ್ ಕಾರು ಯಾರ ಹತ್ರನಾದ್ರೂ ಇದ್ರೆ ಅದರಲ್ಲೂ ಮಾಡಿ ಹೋಲಿಸಿ. ಇಲ್ಲಾಂದ್ರೂ ಪರವಾಗಿಲ್ಲ, ಈ ನಂಬರ್ ಬರೆದಿಟ್ಕೊಳ್ಳಿ, ಬ್ರೇಕ್ ಕೆಲಸ ಆದ್ಮೇಲೆ ಮತ್ತೆ ನೋಡೋಕೆ ಬೇಕಾಗುತ್ತೆ.

ಸುಲಭದ ಇನ್ನೊಂದು ವಿಧಾನ: ಸಣ್ಣ ಇಳಿಜಾರಲ್ಲಿ ನಿಲ್ಸಿ ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ಬ್ರೇಕ್ ಬಿಡಿ. ಮುಂಚೆ ತಾನಾಗೇ ಉರುಳ್ತಿದ್ದ ಕಾರು ಈಗ ಅಲ್ಲಾಡದೆ ನಿಂತ್ಕೊಂಡ್ರೆ ಏನೋ ಹಿಡೀತಿದೆ. ಆಟೋಮ್ಯಾಟಿಕ್ ಕಾರಲ್ಲಿ ಓಡ್ತಾ ಇರುವಾಗ ನ್ಯೂಟ್ರಲ್‌ಗೆ ಹಾಕೋ ಸಾಹಸ ಬೇಡ, ಕೆಳಗೆ ಹೇಳಿರೋ ಚಕ್ರ ತಿರುಗಿಸೋ ಟೆಸ್ಟ್ ಮಾಡಿದ್ರೆ ಸಾಕು.

ಹಿಡೀತಿದೆ ಅಂತಾದ್ರೆ: ಟೈರ್, ಬ್ರೇಕ್, ಅಲೈನ್‌ಮೆಂಟ್

ಟೈರ್ ಗಾಳಿ ಎಲ್ಲರೂ ಹೇಳೋದೇ, ಆದ್ರೂ ಎರಡು ಮಾತು. ಟೈರಿನ ಮೇಲೆ ಅಚ್ಚಾಗಿರೋ ನಂಬರ್ ಗರಿಷ್ಠ ಮಿತಿ, ಹಾಕ್ಬೇಕಾಗಿರೋ ನಂಬರ್ ಡ್ರೈವರ್ ಬಾಗಿಲ ಚೌಕಟ್ಟಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಸ್ಟಿಕ್ಕರ್ ಮೇಲೆ ಇರುತ್ತೆ. ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಿ, ಓಡ್ಸಿ ಬಿಸಿಯಾದ ಟೈರ್ ಜಾಸ್ತಿ ತೋರಿಸುತ್ತೆ, ಆಗ ಸರಿ ಇದೆ ಅಂತ ವಾಪಸ್ ಬಂದ್ರೆ ನಿಜಕ್ಕೂ ಕಮ್ಮಿ ಇರುತ್ತೆ. ನಾಲ್ಕೂ ಟೈರಲ್ಲಿ 1 ಪಿಎಸ್ಐ ಇಳಿದ್ರೆ ಸುಮಾರು 0.2 ಪರ್ಸೆಂಟ್ ಮೈಲೇಜ್ ಹೋಗುತ್ತೆ ಅನ್ನೋದು ಒಪ್ಪಿರೋ ಲೆಕ್ಕ, ಅಂದ್ರೆ 10 ಪಿಎಸ್ಐ ಇಳಿದ್ರೂ 2 ಪರ್ಸೆಂಟ್. 13 ಕೊಡ್ತಿದ್ದ ಕಾರು 10ಕ್ಕೆ ಬಂದಿದ್ರೆ ಅದು ಗಾಳಿ ಒಂದರಿಂದ ಆಗಿರೋದಲ್ಲ.

ಹಳೇ ಕಾರಲ್ಲಿ ನಿಜವಾದ ಕಳ್ಳ ಬಹಳ ಸಲ ಬ್ರೇಕು. ಹತ್ತು ಹದಿನೈದು ಕಿಲೋಮೀಟರ್ ಆದಷ್ಟು ಬ್ರೇಕ್ ಕಮ್ಮಿ ಒತ್ತಿ ಓಡ್ಸಿ, ಮೆಲ್ಲಗೆ ನಿಲ್ಸಿ, ಇಳಿದು ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ರ ಹಿಡಿದ್ರೆ ಸಾಕು, ಹಿಡ್ಕೊಂಡಿರೋ ಬ್ರೇಕ್ ಡಿಸ್ಕ್ ಕೈ ಸುಟ್ಟುಬಿಡುತ್ತೆ. ಎಡ ಮುಂದಿನದನ್ನ ಬಲ ಮುಂದಿನದರ ಜೊತೆ, ಹಿಂದಿನದನ್ನ ಹಿಂದಿನದರ ಜೊತೆ ಹೋಲಿಸಿ. ಒಂದು ಮಾತ್ರ ಕಾವು ಹೊಡೀತಿದ್ರೆ, ಸುಟ್ಟ ವಾಸನೆ ಬರ್ತಿದ್ರೆ, ಅಥವಾ ಆ ಚಕ್ರದ ರಿಮ್ ಮೇಲೆ ಮಾತ್ರ ಕಪ್ಪು ಪುಡಿ ಜಾಸ್ತಿ ಕೂತಿದ್ರೆ ಅಲ್ಲೇ ಬಿಚ್ಚಿ.

ಆಮೇಲೆ ಜ್ಯಾಕ್ ಹಾಕಿ. ಸಮತಟ್ಟು ನೆಲ, ಉಳಿದ ಚಕ್ರಗಳಿಗೆ ಅಡ್ಡ ಕಲ್ಲು, ಕೆಳಗೆ ಸ್ಟ್ಯಾಂಡ್, ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬೇಡಿ. ನ್ಯೂಟ್ರಲ್‌ನಲ್ಲಿ ಕೈಯಿಂದ ಚಕ್ರ ತಿರುಗ್ಸಿ. ಡಿಸ್ಕ್ ಬ್ರೇಕಲ್ಲಿ ಸರ್ ಸರ್ ಅಂತ ಸಣ್ಣಗೆ ತಾಗೋ ಸದ್ದು ಮಾಮೂಲು, ಎರಡೂ ಕೈ ಹಾಕಿ ಜಗ್ಗಬೇಕಾಗಿ ಬಂದ್ರೆ ಮಾಮೂಲಲ್ಲ. ಈಗ ಒಬ್ಬರು ಬ್ರೇಕ್ ಪೆಡಲ್ ಜೋರಾಗಿ ಒತ್ತಿ ಬಿಡಲಿ, ಬಿಟ್ಟ ತಕ್ಷಣ ತಿರುಗ್ಸಿ ನೋಡಿ. ಸುಮ್ನೆ ನೋಡಿದಾಗ ಆರಾಮಾಗಿ ತಿರುಗಿದ ಚಕ್ರ ಈಗ ಗಟ್ಟಿ ಆಗಿ ಮೆಲ್ಲಗೆ ಸಡಿಲ ಆಗ್ತಿದ್ರೆ ಒಳಗೆ ಪ್ರೆಶರ್ ವಾಪಸ್ ಹೋಗ್ತಿಲ್ಲ ಅಥವಾ ಬ್ರೇಕ್ ಪ್ಯಾಡ್ ಒತ್ತೋ ಪಿಸ್ಟನ್ ಹಿಂದಕ್ಕೆ ಸರೀತಿಲ್ಲ. ಈ ಎರಡರಲ್ಲಿ ಯಾವುದು ಅಂತ ತಿಳಿಯೋಕೆ ಆ ಕ್ಯಾಲಿಪರ್‌ನ (ಡಿಸ್ಕ್ ಹಿಡಿಯೋ ಭಾಗ) ಬ್ಲೀಡರ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಗೆ ಬಿಡೋ ಸಣ್ಣ ಸ್ಕ್ರೂ) ಸ್ವಲ್ಪ ಸಡಿಲ ಮಾಡಿ. ಪಿಚಕ್ ಅಂತ ಬ್ರೇಕ್ ಆಯಿಲ್ ಬಂದು ಚಕ್ರ ಫ್ರೀ ಆಯ್ತು ಅಂದ್ರೆ ಕ್ಯಾಲಿಪರ್ ಸರಿ ಇದೆ, ತೊಂದ್ರೆ ಅದಕ್ಕಿಂತ ಮೇಲೆ, ಸಾಮಾನ್ಯವಾಗಿ ರಬ್ಬರ್ ಬ್ರೇಕ್ ಹೋಸ್ ಒಳಗಡೆ ಊದ್ಕೊಂಡು ಆಯಿಲನ್ನ ಹೋಗೋಕೆ ಬಿಟ್ಟು ವಾಪಸ್ ಬರೋಕೆ ಬಿಡಲ್ಲ, ಹೊರಗಿಂದ ನೋಡಿದ್ರೆ ಹೋಸ್ ಹೊಸದರಂಗೆ ಕಾಣ್ತಿರುತ್ತೆ. ನಿಪ್ಪಲ್ ಬಿಟ್ರೂ ಚಕ್ರ ಗಟ್ಟಿನೇ ಅಂದ್ರೆ ಪಿಸ್ಟನ್ ತುಕ್ಕು ಹಿಡಿದಿದೆ ಅಥವಾ ಕ್ಯಾಲಿಪರ್ ಅತ್ತಿತ್ತ ಜಾರೋಕೆ ಇರೋ ಸ್ಲೈಡ್ ಪಿನ್ ಜಾಮ್. ಒಳಗಿನ ಪ್ಯಾಡ್ ಸವೆದು ಹೊರಗಿನದು ದಪ್ಪಗೆ ಉಳಿದಿದ್ರೆ ಸ್ಲೈಡ್ ಪಿನ್ ಮೇಲೇ ಮೊದಲ ಅನುಮಾನ, ಬಿಚ್ಚಿ ಕ್ಲೀನ್ ಮಾಡಿ ಬ್ರೇಕ್‌ಗೆ ಅಂತಲೇ ಬರೋ ಗ್ರೀಸ್ ಹಚ್ಚಿ, ಮಾಮೂಲಿ ಗ್ರೀಸ್ ಹಚ್ಚಿದ್ರೆ ರಬ್ಬರ್ ಊದ್ಕೊಂಡು ಇನ್ನೊಂದು ಸಲ ಜಾಮ್ ಆಗುತ್ತೆ. ನಿಪ್ಪಲ್ ಬಿಚ್ಚಿದ ಮೇಲೆ ಬ್ಲೀಡಿಂಗ್ (ಬ್ರೇಕ್ ಪೈಪ್ ಒಳಗೆ ಸೇರಿದ ಗಾಳಿ ತೆಗೆಯೋದು) ಮಾಡದೆ ಕಾರ್ ರಸ್ತೆಗೆ ಇಳಿಸ್ಬೇಡಿ. ಬ್ರೇಕ್ ಕೆಲಸ ಅಭ್ಯಾಸ ಇಲ್ಲದವರು ಚಕ್ರ ತಿರುಗಿಸಿ ನೋಡೋವರೆಗೂ ಮಾಡಿ, ಮುಂದಿನದನ್ನ ಮೆಕ್ಯಾನಿಕ್ ಕೈಗೆ ಕೊಡಿ, ಆದ್ರೆ ಯಾವ ಚಕ್ರ, ಯಾವಾಗ ಹಿಡಿಯುತ್ತೆ ಅಂತ ನಿಖರವಾಗಿ ಹೇಳಿ.

ಹಿಂದಿನ ಎರಡೂ ಚಕ್ರ ಬಿಸಿ ಇದ್ರೆ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ವಾಪಸ್ ಬರ್ತಿರಲ್ಲ, ಅಥವಾ ಯಾರೋ ಟೈಟ್ ಮಾಡ್ತೀನಿ ಅಂತ ಅತಿ ಟೈಟ್ ಮಾಡಿರ್ತಾರೆ. ನಾಲ್ಕೂ ಹಿಡೀತಿದ್ರೆ ಪೆಡಲ್ ಒತ್ತಿದಾಗ ಪ್ರೆಶರ್ ಕೊಡೋ ಮಾಸ್ಟರ್ ಸಿಲಿಂಡರ್, ಅಥವಾ ಪೆಡಲ್ ಪೂರ್ತಿ ಮೇಲಕ್ಕೆ ಬರ್ತಿಲ್ಲ.

ಅಲೈನ್‌ಮೆಂಟ್ ವಿಷಯಕ್ಕೆ ಬಂದ್ರೆ, ಟೋ (ಚಕ್ರಗಳು ಒಳಗೆ ಅಥವಾ ಹೊರಗೆ ತಿರುಗಿರೋ ಕೋನ) ತಪ್ಪಿದ್ರೆ ಟೈರ್ ಉರುಳೋ ಬದಲು ಸ್ವಲ್ಪ ಸ್ವಲ್ಪ ಅಡ್ಡಡ್ಡ ಉಜ್ಜುತ್ತಾ ಹೋಗುತ್ತೆ. ಟೈರ್ ಮೇಲೆ ಅಂಗೈ ಆ ಕಡೆಯಿಂದ ಈ ಕಡೆಗೆ ಸವರಿ, ಒಂದು ದಿಕ್ಕಲ್ಲಿ ನುಣುಪು, ಇನ್ನೊಂದು ದಿಕ್ಕಲ್ಲಿ ಗರಗಸದಂಗೆ ತಾಗಿದ್ರೆ ಅಲೈನ್‌ಮೆಂಟ್ ಹೋಗಿದೆ. ಚಕ್ರ ತಿರುಗಿಸುವಾಗ ಗರ್ ಅಂತ ಸದ್ದು ಬಂದ್ರೆ ಬೇರಿಂಗ್.

ಕ್ಲಚ್ ಮತ್ತೆ ಗೇರ್‌ಬಾಕ್ಸ್

ಕ್ಲಚ್ ಜಾರ್ತಿದ್ರೆ ಎಂಜಿನ್ ತಿರುಗಿದಷ್ಟು ಚಕ್ರ ತಿರುಗಲ್ಲ. ಮೂರು ಅಥವಾ ನಾಲ್ಕನೇ ಗೇರಲ್ಲಿ ಕಮ್ಮಿ ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ಜಿಗಿದು ವೇಗ ಹಿಂದೆ ಉಳಿದ್ರೆ ಕ್ಲಚ್ ಕೆಲಸ ಬಂತು. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಬದಲಿಗೆ ಇರೋ ಟಾರ್ಕ್ ಕನ್ವರ್ಟರ್ ಲಾಕಪ್ ಆಗ್ತಿಲ್ಲ, ಅಂದ್ರೆ ಎಂಜಿನ್ ಗೇರ್‌ಬಾಕ್ಸ್ ನೇರವಾಗಿ ಜೋಡಿ ಆಗ್ತಿಲ್ಲ ಅಂದ್ರೆ ಹೈವೇ ವೇಗದಲ್ಲಿ ಆರ್‌ಪಿಎಂ ಮುಂಚಿಗಿಂತ ಕೆಲವು ನೂರು ಜಾಸ್ತಿ ಇರುತ್ತೆ. ಒಂದೇ ವೇಗದಲ್ಲಿ ಹೋಗ್ತಾ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ಆಕ್ಸಿಲರೇಟರ್ ಹಂಗೇ ಹಿಡಿದು ಎಡಗಾಲಲ್ಲಿ ಬ್ರೇಕ್ ಸ್ವಿಚ್ ತಾಗೋಷ್ಟು ಮಾತ್ರ ಮುಟ್ಟಿ. ಲಾಕಪ್ ಇದ್ದಿದ್ರೆ ಆರ್‌ಪಿಎಂ ಸ್ವಲ್ಪ ಏರಿ, ಬಿಟ್ಟಾಗ ಮತ್ತೆ ಇಳಿಯುತ್ತೆ, ಮುಳ್ಳು ಅಲ್ಲಾಡ್ಲೇ ಇಲ್ಲ ಅಂದ್ರೆ ಲಾಕಪ್ ಆಗ್ತಾನೇ ಇರ್ಲಿಲ್ಲ.

ಕಾರ್ ಚೆನ್ನಾಗಿ ಉರುಳುತ್ತೆ, ಎಂಜಿನ್ನೇ ಕುಡೀತಿದೆ: ಮೊದಲು ಬಿಸಿ ನೋಡಿ

ಇಲ್ಲಿ ನನ್ನ ಮೊದಲ ಅನುಮಾನ ಯಾವತ್ತೂ ಥರ್ಮೋಸ್ಟಾಟ್ ಮೇಲೆ, ಎಂಜಿನ್ ಬಿಸಿ ಆಗೋವರೆಗೂ ಕೂಲಂಟನ್ನ ರೇಡಿಯೇಟರ್‌ಗೆ ಬಿಡದ ವಾಲ್ವ್ ಅದು. ಎಂಜಿನ್ ಬಿಸಿ ಆಗ್ತಿದೆ ಅಂತ ಯಾವತ್ತೋ ಒಂದು ದಿನ ಯಾರೋ ಥರ್ಮೋಸ್ಟಾಟ್ ಕಿತ್ತು ಎಸೆದು ಹಂಗೇ ಮುಚ್ಚಿರ್ತಾರೆ, ಸೆಕೆಂಡ್ ಹ್ಯಾಂಡ್ ತಗೊಂಡೋರಿಗೆ ಅದು ಗೊತ್ತೇ ಇರಲ್ಲ. ಥರ್ಮೋಸ್ಟಾಟ್ ಇಲ್ಲದಿದ್ರೆ ಅಥವಾ ತೆರೆದೇ ಕೂತಿದ್ರೆ ಕೂಲಂಟ್ ಶುರುವಿಂದಲೇ ರೇಡಿಯೇಟರ್ ಸುತ್ತುತ್ತೆ, ಎಂಜಿನ್ ಬಿಸಿ ಆಗೋಕೆ ಸಿಕ್ಕಾಪಟ್ಟೆ ಹೊತ್ತು, ಅಲ್ಲಿವರೆಗೂ ಪೆಟ್ರೋಲ್ ಅಳತೆ ನೋಡ್ಕೊಳ್ಳೋ ಕಾರಿನ ಕಂಪ್ಯೂಟರ್, ಎಂಜಿನ್ ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಹಾಕ್ತಾನೇ ಇರುತ್ತೆ. ಕಾರಲ್ಲಿ ಬೇರೆ ಯಾವ ತೊಂದ್ರೆಯೂ ಕಾಣಲ್ಲ, ಪಿಕಪ್ ಚೆನ್ನಾಗೇ ಇರುತ್ತೆ, ಅದಕ್ಕೇ ಇದು ಸಿಕ್ಕಿ ಬೀಳಲ್ಲ.

ಬೆಳಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಫ್ಯಾನ್ ಮತ್ತೆ ಬೆಲ್ಟ್‌ನಿಂದ ಕೈ ದೂರ ಇಟ್ಕೊಂಡು ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ತಾ ಇರಿ. ಥರ್ಮೋಸ್ಟಾಟ್ ಸರಿ ಇದ್ರೆ ಹೋಸ್ ಸುಮಾರು ಹೊತ್ತು ತಣ್ಣಗೇ ಇದ್ದು, ಕೂಲಂಟ್ 80 ದಾಟಿ ವಾಲ್ವ್ ತೆರೆದಾಗ ಒಮ್ಮೆಲೇ ಬಿಸಿ ಆಗುತ್ತೆ, ಹೆಚ್ಚಿನ ಕಾರಲ್ಲಿ 82ರಿಂದ 92 ಡಿಗ್ರಿ ಒಳಗೆ ತೆರೆಯುತ್ತೆ. ಶುರುವಿಂದಲೇ ಎಂಜಿನ್ ಜೊತೆ ಜೊತೆಗೆ ನಿಧಾನಕ್ಕೆ ಬೆಚ್ಚಗಾಗ್ತಾ ಬಂದ್ರೆ ತೆರೆದೇ ಇದೆ. ಹೈವೇಲಿ ಟೆಂಪರೇಚರ್ ಮುಳ್ಳು ಇಳಿದು ಟ್ರಾಫಿಕ್‌ನಲ್ಲಿ ಏರೋದು ಇನ್ನೊಂದು ಗುರುತು. ಬಿಚ್ಚಿದ್ರೆ ಒಂದು ಪಾತ್ರೇಲಿ ನೀರು ಕಾಯಿಸಿ ಥರ್ಮಾಮೀಟರ್ ಜೊತೆ ಅದರೊಳಗೆ ಬಿಟ್ಟು ಯಾವ ಡಿಗ್ರೀಲಿ ತೆರೆಯುತ್ತೆ ಅಂತ ಕಣ್ಣಾರೆ ನೋಡಬಹುದು. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ.

ಥರ್ಮೋಸ್ಟಾಟ್ ಸರಿ ಇದ್ದೂ ಕೂಲಂಟ್ ಟೆಂಪರೇಚರ್ ಸೆನ್ಸರ್ ಸುಳ್ಳು ಹೇಳಿದ್ರೆ ಫಲ ಅದೇ. ಬಹಳ ಕಾರಲ್ಲಿ ಮುಳ್ಳಿಗೆ ಒಂದು ಸೆನ್ಸರ್, ಕಂಪ್ಯೂಟರ್‌ಗೆ ಇನ್ನೊಂದು, ಹಂಗಾಗಿ ಮುಳ್ಳು ಮಧ್ಯದಲ್ಲಿದೆ ಅಂತ ನಂಬೋಕಾಗಲ್ಲ. ಅದಕ್ಕೆ ಸ್ಕ್ಯಾನರ್ ಬೇಕು.

ಸ್ಕ್ಯಾನರ್ ಹಾಕಿ, ಆದ್ರೆ ಕೋಡ್ ಓದಿ ಸುಮ್ನಾಗ್ಬೇಡಿ

ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್‌ನ ಓಬಿಡಿ ಸಾಕೆಟ್ (ಕಾರಿನ ಕಂಪ್ಯೂಟರ್ ಓದೋಕೆ ಇರೋದು) ಇದ್ರೆ ಒಂದು ಬ್ಲೂಟೂತ್ ಅಡಾಪ್ಟರ್ ಮತ್ತೆ ಫೋನ್ ಆಪ್ ಸಾಕು. ಅಮೆರಿಕದಲ್ಲಿ 1996ರಿಂದ, ಯುರೋಪಲ್ಲಿ ಪೆಟ್ರೋಲ್ ಕಾರಿಗೆ 2001ರಿಂದ ಇದು ಕಡ್ಡಾಯ. ಅದಕ್ಕಿಂತ ಹಳೇದಾದ್ರೆ ಕಂಪನಿಯದ್ದೇ ಬೇರೆ ಥರದ ಸಾಕೆಟ್ ಇರಬಹುದು, ಇಲ್ದೇನೂ ಇರಬಹುದು.

ಚೆಕ್ ಎಂಜಿನ್ ಲೈಟ್ ಬಂದಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ ಅಲ್ಲ, ಸೆನ್ಸರ್ ಪೂರ್ತಿ ಸತ್ತಾಗ ಕೋಡ್ ಬರುತ್ತೆ, ಸೋಮಾರಿ ಆದಾಗ ಬರದೇನೂ ಇರುತ್ತೆ. ಕೋಡ್ ಬಂದಿದ್ರೆ ಓದ್ಕೊಳ್ಳಿ, ಪಿ0128 ಬಂದ್ರೆ ಎಂಜಿನ್ ಬಿಸಿ ಆಗ್ತಿಲ್ಲ ಅಂತ, ಪಿ0172 ಅಂದ್ರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ ಅಂತ. ಆಮೇಲೆ ಲೈವ್ ಡೇಟಾ ತೆಗೀರಿ.

ಮೊದಲ ನೋಟ ತಣ್ಣನೆ ಎಂಜಿನ್‌ನಲ್ಲಿ. ರಾತ್ರಿಯಿಡೀ ನಿಂತ ಕಾರಿನ ಕೀ ಆನ್ ಮಾಡಿ, ಸ್ಟಾರ್ಟ್ ಬೇಡ. ಕೂಲಂಟ್ ಟೆಂಪರೇಚರ್ ಮತ್ತೆ ಇನ್‌ಟೇಕ್ ಗಾಳಿ ಟೆಂಪರೇಚರ್ ಹೆಚ್ಚುಕಮ್ಮಿ ಒಂದೇ ಇರ್ಬೇಕು. ಹೊರಗೆ 24 ಇದ್ದು ಕೂಲಂಟ್ 5 ಅಂತ ತೋರಿಸಿದ್ರೆ ಸೆನ್ಸರ್ ಅಥವಾ ಕನೆಕ್ಟರ್, ಮೈನಸ್ 40 ತೋರಿಸಿದ್ರೆ ಹೆಚ್ಚಾಗಿ ವೈರ್ ಕಟ್. ಆಮೇಲೆ ಇಪ್ಪತ್ತು ನಿಮಿಷ ಓಡ್ಸಿದ್ಮೇಲೆ 85ರಿಂದ 95 ಆಸುಪಾಸಿಗೆ ಬಂದು ಅಲ್ಲೇ ನಿಲ್ಬೇಕು.

ಎರಡನೇದು ಫ್ಯೂಯೆಲ್ ಟ್ರಿಮ್. ಇದನ್ನ ತಪ್ಪು ಓದೋರೇ ಜಾಸ್ತಿ. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನ ಕೇಳಿ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಸೇರಿಸ್ತಿದೆ ಅಥವಾ ಕಳೀತಿದೆ ಅನ್ನೋದು ಟ್ರಿಮ್. ಪ್ಲಸ್ ಅಂದ್ರೆ ಸೇರಿಸ್ತಿದೆ, ಮೈನಸ್ ಅಂದ್ರೆ ಕಡಿಮೆ ಮಾಡ್ತಿದೆ, ಶಾರ್ಟ್ ಮತ್ತೆ ಲಾಂಗ್ ಎರಡೂ ಕೂಡಿ 10ರ ಒಳಗಿದ್ರೆ ತಲೆ ಕೆಡಿಸ್ಕೊಳ್ಳೋದು ಬೇಡ. ಪ್ಲಸ್ 15 ಇದೆ ಅಂದ್ರೆ 15 ಪರ್ಸೆಂಟ್ ಮೈಲೇಜ್ ಹೋಯ್ತು ಅಂತ ನೇರವಾಗಿ ಹೇಳೋಕಾಗಲ್ಲ. ಎಲ್ಲಿಂದಲೋ ಲೆಕ್ಕಕ್ಕೆ ಬರದ ಗಾಳಿ ನುಗ್ತಿದ್ರೆ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸೇರಿಸಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಅನ್ನೋ ಸರಿಯಾದ ಅಳತೆಗೇ ತಂದಿರುತ್ತೆ, ಮಿಶ್ರಣ ಕೊನೆಗೆ ಸರಿಯಾಗೇ ಇರುತ್ತೆ. ಮೈಲೇಜ್ ನಿಜವಾಗಿ ಸೋರೋದು ಸೆನ್ಸರೇ ಸುಳ್ಳು ಹೇಳಿ ಬೇಡದ ಪೆಟ್ರೋಲ್ ಹಾಕಿಸಿದಾಗ, ಅಥವಾ ಟ್ರಿಮ್ ಕೆಲಸ ಮಾಡದ ಹೊತ್ತಲ್ಲಿ, ಅಂದ್ರೆ ಎಂಜಿನ್ ತಣ್ಣಗಿದ್ದಾಗ ಮತ್ತೆ ಪೂರ್ತಿ ಒತ್ತಿ ಓಡ್ಸಿದಾಗ. ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪಲ್ಲೋ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲೋ ಬಿರುಕು ಇದ್ರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್‌ಗೆ ಆಮ್ಲಜನಕ ಜಾಸ್ತಿ ಕಾಣುತ್ತೆ, ಅದು ಪೆಟ್ರೋಲ್ ಕಮ್ಮಿ ಆಯ್ತು ಅಂತ ಹೇಳುತ್ತೆ, ಕಂಪ್ಯೂಟರ್ ಸುರೀತಾ ಹೋಗುತ್ತೆ. ಒಂದು ಪ್ಲಗ್ ಮಿಸ್ ಹೊಡೆದ್ರೂ ಹಂಗೇ, ಸುಡದ ಆಮ್ಲಜನಕ ಹೊರಗೆ ಬರುತ್ತೆ, ಸೆನ್ಸರ್ ಮೋಸ ಹೋಗುತ್ತೆ. ಹಂಗಾಗಿ ಟ್ರಿಮ್ ಪ್ಲಸ್ ಇದ್ದು ಟೇಲ್‌ಪೈಪ್‌ನಲ್ಲಿ ಕಪ್ಪು ಮಸಿ, ಪೆಟ್ರೋಲ್ ವಾಸನೆ ಇದ್ರೆ ಸೆನ್ಸರ್‌ಗೆ ಮೋಸ ಆಗ್ತಿದೆ ಅಂತ ತಿಳ್ಕೊಳ್ಳಿ.

ಐಡಲ್‌ನಲ್ಲಿ ಪ್ಲಸ್ 18 ಇದ್ದು 2500 ಆರ್‌ಪಿಎಂನಲ್ಲಿ ಪ್ಲಸ್ 4ಕ್ಕೆ ಇಳಿದ್ರೆ ವ್ಯಾಕ್ಯೂಮ್ ಲೀಕ್, ಅಂದ್ರೆ ಲೆಕ್ಕಕ್ಕೆ ಬರದ ಗಾಳಿ ನುಗ್ತಿದೆ. ಐಡಲ್‌ನಲ್ಲಿ ಸರಿ ಇದ್ದು ಲೋಡ್ ಬಿದ್ದಂಗೆ ಏರಿದ್ರೆ ಫ್ಯೂಯೆಲ್ ಫಿಲ್ಟರ್, ಪಂಪ್, ಅಥವಾ ಒಳಗೆ ಬರೋ ಗಾಳಿ ಅಳೆಯೋ ಏರ್ ಫ್ಲೋ ಸೆನ್ಸರ್ ಕೊಳೆ ಹಿಡಿದಿದೆ, ಅದಕ್ಕೆ ಅಂತಲೇ ಬರೋ ಸ್ಪ್ರೇ ಹೊಡೀರಿ, ಒಳಗಿನ ತಂತಿ ಮುಟ್ಟಬೇಡಿ. ಮೈನಸ್ 15, ಮೈನಸ್ 20 ಇದ್ರೆ ಎಲ್ಲಿಂದಲೋ ಪೆಟ್ರೋಲ್ ಜಾಸ್ತಿ ಬರ್ತಿದೆ: ತೊಟ್ಟಿಕ್ಕೋ ಇಂಜೆಕ್ಟರ್, ಮುಚ್ಚಿಕೊಳ್ಳದ ಪರ್ಜ್ ವಾಲ್ವ್ (ಚಾರ್ಕೋಲ್ ಕ್ಯಾನಿಸ್ಟರ್‌ನ ಆವಿ ಎಂಜಿನ್‌ಗೆ ಬಿಡೋದು), ಪೆಟ್ರೋಲ್ ಒತ್ತಡ ಕಾಯೋ ಪ್ರೆಶರ್ ರೆಗ್ಯುಲೇಟರ್. ಹಳೇ ಕಾರುಗಳಲ್ಲಿ ರೆಗ್ಯುಲೇಟರ್‌ಗೆ ಒಂದು ಸಣ್ಣ ವ್ಯಾಕ್ಯೂಮ್ ಹೋಸ್ ಇರುತ್ತೆ, ಎಂಜಿನ್ ತಣ್ಣಗಿದ್ದಾಗ ಅದನ್ನ ಕಿತ್ತು ಮೂಸಿ ನೋಡಿ. ಒಳಗೆ ಪೆಟ್ರೋಲ್ ಒದ್ದೆ ಇದ್ರೆ ಡಯಾಫ್ರಮ್ ಹರಿದಿದೆ, ಪೆಟ್ರೋಲ್ ಇಂಜೆಕ್ಟರ್ ಹಂಗಿಲ್ಲದೆ ನೇರ ಎಂಜಿನ್‌ಗೆ ಹೋಗ್ತಿದೆ. ಆಯಿಲ್ ಡಿಪ್‌ಸ್ಟಿಕ್ ಕೂಡ ಮೂಸಿ, ಪೆಟ್ರೋಲ್ ವಾಸನೆ ಗಾಢವಾಗಿ ಬಂದು ಮಟ್ಟ ಏರಿದ್ರೆ ತೊಂದ್ರೆ ಸರಿ ಮಾಡ್ಸಿದ್ಮೇಲೆ ಆಯಿಲ್ ಕೂಡ ಬದಲಾಯ್ಸಿ.

ಮೂರನೇದು ಆಕ್ಸಿಜನ್ ಸೆನ್ಸರ್. ಮುಂದಿನ ಸೆನ್ಸರ್‌ನ ಗ್ರಾಫ್ ಬಿಸಿ ಎಂಜಿನ್‌ನಲ್ಲಿ 0.1ರಿಂದ 0.9 ವೋಲ್ಟ್ ಮಧ್ಯೆ ಚಕಚಕ ಏರಿಳೀಬೇಕು. 0.45 ಹತ್ರ ನೇರ ಗೆರೆ ಎಳೆದಂಗೆ ಇದ್ರೆ ಸತ್ತಿದೆ, ಮೆಲ್ಲಗೆ ಅಲೆಅಲೆಯಾಗಿ ಹೋದ್ರೆ ಸೋಮಾರಿ ಆಗಿದೆ. ಹೊಗೆ ಶುದ್ಧ ಮಾಡೋ ಕ್ಯಾಟಲಿಸ್ಟ್ ಆದ್ಮೇಲೆ ಇರೋ ಹಿಂದಿನ ಸೆನ್ಸರ್ ಹೀಗೆ ಏರಿಳಿಯೋದು ಬೇಡ, ಅದು ಸ್ಥಿರವಾಗಿದ್ರೇ ಒಳ್ಳೇದು, ಅದನ್ನ ನೋಡಿ ಮುಂದಿನದನ್ನ ಬದಲಾಯಿಸ್ಬೇಡಿ. ಕೆಲವು ಕಾರಲ್ಲಿ ಮುಂದಿನದು ವೈಡ್‌ಬ್ಯಾಂಡ್ ಇರುತ್ತೆ, ಅದಕ್ಕೆ ಈ ವೋಲ್ಟೇಜ್ ಲೆಕ್ಕ ಅನ್ವಯಿಸಲ್ಲ.

ಪ್ಲಗ್, ಏರ್ ಫಿಲ್ಟರ್, ಆಯಿಲ್

ಪ್ಲಗ್ ನಾಲ್ಕೂ ಬಿಚ್ಚಿ ಸಾಲಾಗಿ ಇಡಿ, ಯಾವುದು ಯಾವ ಸಿಲಿಂಡರ್‌ದು ಅಂತ ಗುರುತು ಇರಲಿ. ತಿಳಿ ಕಂದು ಬಣ್ಣ ಸರಿ. ನಾಲ್ಕೂ ಒಣ ಮಸಿ ಕಪ್ಪು ಇದ್ರೆ ಇಡೀ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ, ಒಂದು ಮಾತ್ರ ಕಪ್ಪು ಇದ್ರೆ ಆ ಸಿಲಿಂಡರ್‌ನ ಕಾಯಿಲ್, ವೈರ್, ಇಂಜೆಕ್ಟರ್ ನೋಡಿ, ಜಿಡ್ಡು ಜಿಡ್ಡಾಗಿ ಒದ್ದೆ ಇದ್ರೆ ಆಯಿಲ್. ಗ್ಯಾಪ್ ಮ್ಯಾನುಯಲ್‌ನಲ್ಲಿ ಇರೋ ಹಂಗೇ ಇರಲಿ.

ಏರ್ ಫಿಲ್ಟರ್ ಬಗ್ಗೆ ಹೇಳಿದ್ರೆ ಕೆಲವರಿಗೆ ಸಿಟ್ಟು ಬರುತ್ತೆ. ಇಂಜೆಕ್ಷನ್ ಇರೋ ಪೆಟ್ರೋಲ್ ಕಾರಲ್ಲಿ ಫಿಲ್ಟರ್ ಕಟ್ಟಿದ್ರೆ ಪಿಕಪ್ ಹೋಗುತ್ತೆ, ಮೈಲೇಜ್ ಹೇಳ್ಕೊಳ್ಳೋಷ್ಟು ಬೀಳಲ್ಲ. ಬರೋ ಗಾಳಿ ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಹಾಕೋ ಎಂಜಿನ್ ಅದು, ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿ 2009ರಲ್ಲಿ ಪರೀಕ್ಷೆ ಮಾಡಿ ಇದನ್ನೇ ಹೇಳಿದೆ. ಫಿಲ್ಟರ್ ಬದಲಾಯ್ಸಿ, ಎಂಜಿನ್‌ಗೆ ಧೂಳು ಹೋಗದೆ ಇರೋಕೆ ಅದು ಬೇಕು, ಆದ್ರೆ ಮೈಲೇಜ್ ಕೇಸ್ ಅಲ್ಲಿಗೇ ಕ್ಲೋಸ್ ಮಾಡ್ಬೇಡಿ. ಆಯಿಲ್ ಗ್ರೇಡ್ ತಪ್ಪಿದ್ರೂ ಒಂದೆರಡು ಪರ್ಸೆಂಟ್ ಹೋಗುತ್ತೆ, 5ಡಬ್ಲ್ಯೂ-30 ಕೇಳೋ ಎಂಜಿನ್‌ಗೆ ಹಳೇದಾಯ್ತಲ್ಲ ಅಂತ 20ಡಬ್ಲ್ಯೂ-50 ಹಾಕಿರೋದು ಆಗಾಗ ಕಾಣುತ್ತೆ.

ಕಾರ್ಬುರೇಟರ್ ಕಾರಾದ್ರೆ

ಮೇಲಿನ ಫಿಲ್ಟರ್ ಮಾತು ಇದಕ್ಕೆ ಅಷ್ಟಾಗಿ ಸಲ್ಲಲ್ಲ, ಇಲ್ಲಿ ಕಟ್ಟಿದ ಫಿಲ್ಟರ್ ಮೈಲೇಜನ್ನೂ ತಿನ್ನುತ್ತೆ. ಏರ್ ಕ್ಲೀನರ್ ಮುಚ್ಚಳ ತೆಗೆದು ಬಿಸಿ ಎಂಜಿನ್‌ನಲ್ಲಿ ಚೋಕ್ ಪ್ಲೇಟ್ ನೋಡಿ, ಪೂರ್ತಿ ನೆಟ್ಟಗೆ ನಿಂತಿರ್ಬೇಕು, ಅರ್ಧ ಓರೆ ಇದ್ರೆ ಕಳ್ಳ ಸಿಕ್ಕಿಬಿದ್ದ. ಆಮೇಲೆ ಫ್ಲೋಟ್ ಲೆವೆಲ್, ನೀಡಲ್ ವಾಲ್ವ್. ಡಿಸ್ಟ್ರಿಬ್ಯೂಟರ್ ಪಕ್ಕದ ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿಯನ್ನ ಬಹಳ ಜನ ಮರೀತಾರೆ. ಅದರ ಡಯಾಫ್ರಮ್ ಹರಿದ್ರೆ ಒಂದೇ ವೇಗದಲ್ಲಿ ಆರಾಮಾಗಿ ಹೋಗುವಾಗ ಸಿಗ್ಬೇಕಾದ ಟೈಮಿಂಗ್ (ಪ್ಲಗ್ ಕಿಡಿ ಹಾರೋ ಸಮಯ) ಸಿಗಲ್ಲ, ಹೈವೇ ಮೈಲೇಜೇ ಬೀಳುತ್ತೆ. ಹೋಸ್ ಕಿತ್ತು ಒಂದು ಶುಚಿಯಾದ ಪೈಪ್ ತುಂಡು ಸಿಕ್ಕಿಸಿ ಬಾಯಲ್ಲಿ ಗಾಳಿ ಎಳೆದು ನಾಲಿಗೆಯಿಂದ ಮುಚ್ಚಿ ಹಿಡೀರಿ, ಒಳಗಿನ ಪ್ಲೇಟ್ ಸರಿದು ಅಲ್ಲೇ ನಿಂತ್ರೆ ಡಯಾಫ್ರಮ್ ಸರಿ ಇದೆ, ಗಾಳಿ ಎಳೀತಾನೇ ಇದ್ರೆ ಹರಿದಿದೆ.

ಡೀಸೆಲ್‌ಗೆ ನೋಡ್ಬೇಕಾಗಿರೋದೇ ಬೇರೆ. ಪ್ಲಗ್, ಟ್ರಿಮ್ ಎಲ್ಲಾ ಮರೆತುಬಿಡಿ. ಟರ್ಬೋದಿಂದ ಇಂಟರ್‌ಕೂಲರ್‌ಗೆ ಹೋಗೋ ಹೋಸ್ ಜಾಯಿಂಟ್‌ನಲ್ಲಿ ಆಯಿಲ್ ಜಿಡ್ಡು ಕೂತಿದ್ರೆ ಅಲ್ಲಿ ಗಾಳಿ ಸೋರ್ತಿದೆ. ಅರ್ಧ ತೆರೆದು ಜಾಮ್ ಆದ ಈಜಿಆರ್ (ಸ್ವಲ್ಪ ಹೊಗೆಯನ್ನ ವಾಪಸ್ ಎಂಜಿನ್‌ಗೆ ಬಿಡೋ ವಾಲ್ವ್), ರಿಟರ್ನ್ ಜಾಸ್ತಿ ಬಿಡೋ ಇಂಜೆಕ್ಟರ್, ಪದೇ ಪದೇ ತನ್ನೊಳಗಿನ ಮಸಿ ಸುಡೋಕೆ ನೋಡೋ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್), ಈ ಮೂರು ಆಮೇಲಿಂದು. ಡಿಪಿಎಫ್ ಇರೋ ಕಾರನ್ನ ಬರೀ ಸಣ್ಣ ಸಣ್ಣ ದೂರಕ್ಕೆ ಓಡ್ಸಿದ್ರೆ ಒಳಗಿನ ಮಸಿ ಸುಡೋಕೇ ಡೀಸೆಲ್ ಖರ್ಚಾಗುತ್ತೆ.

ಎಲ್ಲಾ ಸರಿ ಇದ್ದೂ ಮೈಲೇಜ್ ಇಲ್ಲ ಅಂದ್ರೆ

ಈಗ ಮಾತ್ರ ಎಂಜಿನ್ ಒಳಗೆ ಕೈ ಹಾಕ್ಬೇಕು. ಒಂದು ವ್ಯಾಕ್ಯೂಮ್ ಗೇಜ್ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಸಿಕ್ಕಿಸಿ. ಸಮುದ್ರ ಮಟ್ಟದ ಹತ್ರದ ಜಾಗದಲ್ಲಿ ಬಿಸಿ ಎಂಜಿನ್ ಐಡಲ್‌ನಲ್ಲಿ ಸುಮಾರು 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಿ ಮುಳ್ಳು ಅಲ್ಲಾಡದೆ ನಿಲ್ಬೇಕು, ಎತ್ತರದ ಜಾಗದಲ್ಲಿ ಪ್ರತಿ 300 ಮೀಟರ್‌ಗೆ ಸುಮಾರು ಒಂದು ಇಂಚು ಕಮ್ಮಿ ಲೆಕ್ಕ ಹಾಕಿ. ಸ್ಥಿರವಾಗಿದ್ದು ಕಮ್ಮಿ ತೋರಿಸಿದ್ರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿರಬಹುದು, ಇತ್ತೀಚೆಗೆ ಬೆಲ್ಟ್ ಬದಲಾಯ್ಸಿ ಆಮೇಲಿಂದ ಮೈಲೇಜ್ ಹೋಗಿದ್ರೆ ಇದೇ ಮೊದಲು. ಒಂದೇ ಲಯದಲ್ಲಿ ಮುಳ್ಳು ಕುಸಿದು ಏಳ್ತಿದ್ರೆ ವಾಲ್ವ್. 2500 ಆರ್‌ಪಿಎಂನಲ್ಲಿ ಹಿಡಿದಾಗ ನಿಧಾನಕ್ಕೆ ಇಳೀತಾ ಹೋದ್ರೆ ಕ್ಯಾಟಲಿಸ್ಟ್ ಕಟ್ಟಿ ಹೊಗೆ ಹೊರಗೆ ಹೋಗ್ತಿಲ್ಲ, ಇಂಥ ಕಾರು ಹೈವೇಲಿ ಉಸಿರುಗಟ್ಟಿದಂಗೆ ಓಡುತ್ತೆ. ಟಪೆಟ್ ಅಡ್ಜಸ್ಟ್ ಮಾಡೋ ಎಂಜಿನ್ ಆದ್ರೆ ವಾಲ್ವ್ ಹತ್ರದ ಸಂದಿ (ಕ್ಲಿಯರೆನ್ಸ್) ನೋಡ್ಸಿ, ಕೊನೇದಾಗಿ ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಕಂಪ್ರೆಶನ್ ಟೆಸ್ಟ್. ಕಂಪ್ರೆಶನ್‌ನಲ್ಲಿ ಸಿಲಿಂಡರ್ ಸಿಲಿಂಡರ್ ಮಧ್ಯೆ ಇರೋ ವ್ಯತ್ಯಾಸ ಮುಖ್ಯ. ಒಂದು ಮಾತ್ರ ಕಮ್ಮಿ ಇದ್ರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದ್ರೆ ಪಿಸ್ಟನ್ ರಿಂಗ್, ಏರದಿದ್ರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಸರಿ ಮಾಡಿದ್ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ. ಬ್ರೇಕು, ಥರ್ಮೋಸ್ಟಾಟು, ಪ್ಲಗ್ಗು ಮೂರನ್ನೂ ಒಂದೇ ದಿನ ಮಾಡ್ಸಿದ್ರೆ ಮೈಲೇಜ್ ಬಂದ್ರೂ ಯಾವುದರಿಂದ ಬಂತು ಗೊತ್ತಾಗಲ್ಲ, ಆರು ತಿಂಗಳಿಗೆ ಮತ್ತೆ ಬಿದ್ರೆ ಮತ್ತೆ ಮೊದಲಿಂದ ಹುಡುಕಬೇಕು. ಬ್ರೇಕ್ ಕೆಲಸ ಆಗಿದ್ರೆ ಉರುಳೋ ಟೆಸ್ಟ್ ಮತ್ತೆ ಮಾಡಿ, ಸೆಕೆಂಡ್‌ಗಳು ಹೆಚ್ಚಿದ್ರೆ ಪೆಟ್ರೋಲ್ ಹಾಕ್ಸೋಕೆ ಮುಂಚೆನೇ ಉತ್ತರ ಸಿಕ್ಕಿತು. ಸೆನ್ಸರ್ ಅಥವಾ ಇಂಜೆಕ್ಟರ್ ಕೆಲಸ ಆಗಿದ್ರೆ ಸ್ಕ್ಯಾನರ್‌ನಲ್ಲಿ ಕೋಡ್ ಕ್ಲಿಯರ್ ಮಾಡಿ, ಹೆಚ್ಚಿನ ಕಾರಲ್ಲಿ ಹಳೇ ಟ್ರಿಮ್ ಕೂಡ ಅದರ ಜೊತೆ ಅಳಿಸಿ ಹೋಗುತ್ತೆ. ಆಮೇಲೆ ಕಂಪ್ಯೂಟರ್ ಹೊಸದಾಗಿ ಕಲಿಯೋಕೆ ಊರು, ಹೈವೇ ಎರಡೂ ಸೇರಿ ಸ್ವಲ್ಪ ದಿನ ಓಡ್ಬೇಕು, ಹಂಗಾಗಿ ಮೊದಲನೇ ಟ್ಯಾಂಕ್ ಲೆಕ್ಕ ಬಿಟ್ಟು ಎರಡನೇದರಿಂದ ಬರೆಯೋಕೆ ಶುರು ಮಾಡಿ. ಬರೆಯುವಾಗ ತಾರೀಕು, ಕಿಲೋಮೀಟರ್, ಲೀಟರ್ ಜೊತೆ ಏಸಿ ಎಷ್ಟು ಹಾಕಿದ್ರಿ, ಊರಲ್ಲಿ ಓಡಿದ್ದಾ ಹೈವೇಲಾ, ಟೈರ್ ಗಾಳಿ ಎಷ್ಟಿತ್ತು ಅಂತ ಪಕ್ಕದಲ್ಲೇ ಒಂದು ಸಾಲು ಹಾಕಿಡಿ, ಮುಂದಿನ ಸಲ ಮೆಕ್ಯಾನಿಕ್ ಹತ್ರ ಹೋದಾಗ ಆ ಪುಟಾನೇ ತೋರಿಸಬಹುದು.